ನಮ್ಮವ್ವನ ಕಲಬತ್ತ ಮತ್ತು ಬಳ್ಳೊಳ್ಳಿಯ ಚರಿತ್ರೆ



ಹೋದ ವಾರ ಇಲ್ಲಿ ಒಂದು ಫೋಟೊ ಹಾಕಿದ್ದೆ. ಜೋಳದ ರೊಟ್ಟಿ, ಅದರ ಮೇಲೆ ಒಂದು ಮುದ್ದೆ ಬಳ್ಳೊಳ್ಳಿ ಖಾರ, ಪಕ್ಕಕ್ಕೆ ಒಡೆದ ಉಳ್ಳಾಗಡ್ಡಿ. ಅಷ್ಟೆ. ನೂರಾರು ಜನ ಲೈಕ್ ಒತ್ತಿದ್ರು, ಬಾಯಾಗ ನೀರು ಬಂತು ಅಂದ್ರು. ಒಬ್ಬ ಹಿರಿಯರು ಮಾತ್ರ ಬಂದು, "ತಮ್ಮಾ, ಬಳ್ಳೊಳ್ಳಿ ತಾಮಸ ಆಹಾರ. ಒಂದು ತಿಂಗಳ ಬಿಟ್ಟು ನೋಡ್ರಿ, ಬುದ್ಧಿ ಸ್ವಚ್ಛ ಆಗ್ತದ" ಅಂತ ಬರೆದರು.

ಅವರು ಕೆಟ್ಟ ಮಾತು ಆಡಿಲ್ಲ. ನಾನೂ ಆಡೋದಿಲ್ಲ. ಆದರೆ ಆ ಒಂದು ಸಾಲು ನನಗೆ ವಾರಪೂರ್ತಿ ನಿದ್ದೆ ಕೊಡಲಿಲ್ಲ. ಯಾಕಂದ್ರೆ ಆ ಸಾಲಿಗೆ ಸುಮಾರು ಎರಡು ಸಾವಿರ ವರ್ಷ ವಯಸ್ಸಾಗಿದೆ. ಅದು ಅವರ ಬಾಯಿಂದ ಬಂದರೂ ಅವರದಲ್ಲ. ಹಾಗಾಗಿ ಈ ಪೋಸ್ಟ್ ಉದ್ದ ಆಗೈತಿ. ಪುರುಸೊತ್ತು ಮಾಡಿಕೊಂಡು ಓದ್ರಿ. ನಡುವೆ ಅಡುಗೆನೂ ಐತಿ.

ಮೊದಲು ಅಡುಗೆ.

ನಮ್ಮವ್ವನ ಬಳ್ಳೊಳ್ಳಿ ಖಾರಕ್ಕೆ ಎರಡು ದೊಡ್ಡ ಗಡ್ಡಿ ಬಳ್ಳೊಳ್ಳಿ ಬೇಕು. ಎಸಳು ಬಿಡಿಸಿದರೆ ಇಪ್ಪತ್ತೈದಕ್ಕೆ ಕಡಿಮೆ ಇರಬಾರದು. ಎರಡು ಚಮಚ ಕೆಂಪು ಖಾರಪುಡಿ, ಒಂದು ಚಮಚ ಜೀರಗಿ, ಕೈಗೆ ತಕ್ಕ ಉಪ್ಪು. ಹುಣಸಿಹಣ್ಣು ಇದ್ದರೆ ಒಂದು ಚೂರು, ಇಲ್ಲದಿದ್ದರೆ ಇಲ್ಲ. ಕಲಬತ್ತದಲ್ಲಿ ಮೊದಲು ಜೀರಗಿ ಮತ್ತು ಉಪ್ಪು ಕುಟ್ಟಬೇಕು. ಆಮೇಲೆ ಬಳ್ಳೊಳ್ಳಿ. ಅದು ಅರ್ಧ ನುರಿದ ಮೇಲೆ ಖಾರಪುಡಿ. ಪೂರ್ತಿ ನುಣ್ಣಗೆ ಮಾಡಬಾರದು, ನಾಲಿಗೆಗೆ ಬಳ್ಳೊಳ್ಳಿ ಸಿಗಬೇಕು. ಮೇಲೆ ಒಂದು ಚಮಚ ಶೇಂಗಾ ಎಣ್ಣಿ ಅಥವಾ ಕುಸಬಿ ಎಣ್ಣಿ. ಒಲೆ ಹಚ್ಚುವ ಕೆಲಸವೇ ಇಲ್ಲ. ಹತ್ತು ನಿಮಿಷಕ್ಕೆ ಐದು ಜನರ ಊಟ ಆಯ್ತು.

ಮಿಕ್ಸರ್‌ನಲ್ಲಿ ಹಾಕಿದರೆ ಆಗೋದಿಲ್ಲವೇ? ಆಗ್ತದ. ಆದರೆ ಅವ್ವ ಒಪ್ಪೋದಿಲ್ಲ. "ಮಿಕ್ಸರ್ ಕೊಯ್ತೈತಿ, ಕಲ್ಲು ಜಜ್ಜತೈತಿ" ಅಂತಾಳೆ. ಅವಳ ಮಾತಿನಲ್ಲಿ ವಿಜ್ಞಾನ ಐತಿ. ಇಡೀ ಬಳ್ಳೊಳ್ಳಿ ಎಸಳಿಗೆ ಅಂಥ ಘಾಟಿಲ್ಲ, ಮೂಸಿ ನೋಡಿ. ಎಸಳು ಜಜ್ಜಿದಾಗ ಒಳಗೆ ಬೇರೆಬೇರೆ ಕೋಣೆಯಲ್ಲಿದ್ದ ಎರಡು ವಸ್ತು ಒಂದಕ್ಕೊಂದು ಕೂಡಿ ಅಲಿಸಿನ್ ಅನ್ನೋ ಮೂರನೆಯದು ಹುಟ್ಟುತ್ತದೆ. ಘಾಟು ಅದರದ್ದು. ಅಂದರೆ ಬಳ್ಳೊಳ್ಳಿ ತನ್ನಷ್ಟಕ್ಕೆ ಸುಮ್ಮನಿರುತ್ತದೆ, ಜಜ್ಜಿದರೆ ಮಾತ್ರ ಮಾತಾಡುತ್ತದೆ. ನಮ್ಮ ಹೋರಾಟದ ಬಗ್ಗೆ "ಇವರ ಬಾಯಿ ಬಹಳ ಆಯ್ತು" ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಆ ಕಲಬತ್ತ ನಮ್ಮ ಮುತ್ತಜ್ಜಿಯದು. ನಮ್ಮೂರು ಘಟಪ್ರಭಾ ದಂಡಿಗೆ ಇತ್ತು. ಆಲಮಟ್ಟಿ ಹಿನ್ನೀರು ಬಂತು, ಊರು ಹೋಯ್ತು. ಮುಳುಗಡೆ ಪರಿಹಾರ ತಗೊಂಡು ಎಲ್ಲರೂ ಸಾಮಾನು ಹೇರಿದರು. ಅಪ್ಪ ಬಾಗಿಲು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹಾಕಿದ. ಅವ್ವ ಕಲಬತ್ತವನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಂದಳು. ನವನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ಒಂದು ಮನೆಯ ಯಜಮಾನರು ಮೊದಲು ಕೇಳಿದ್ದು ಹೆಸರಲ್ಲ, ಕೆಲಸ ಅಲ್ಲ. "ಬಳ್ಳೊಳ್ಳಿ, ಉಳ್ಳಾಗಡ್ಡಿ ಹಾಕ್ತೀರೇನ್ರಿ? ನಮಗ ವಾಸನಿ ಆಗಂಗಿಲ್ಲ" ಅಂದರು. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಸುಮ್ಮನೆ ಚಪ್ಪಲಿ ಮೆಟ್ಟಿದ. ಬಳ್ಳೊಳ್ಳಿ ಅನ್ನೋದು ಜಾತಿ ಕೇಳುವ ಮರ್ಯಾದಸ್ಥ ವಿಧಾನ ಅಂತ ನನಗೆ ಗೊತ್ತಾಗಿದ್ದು ಅವತ್ತು. ಆಗ ನನಗೆ ಹದಿನಾಲ್ಕು ವರ್ಷ.

ಈಗ 'ತಾಮಸ'ದ ಮಾತಿಗೆ ಬರೋಣ.

ಸಾತ್ವಿಕ, ರಾಜಸ, ತಾಮಸ ಅಂತ ಆಹಾರವನ್ನು ಮೂರು ಪಾಲು ಮಾಡಿದ್ದು ಭಗವದ್ಗೀತೆಯ 17ನೇ ಅಧ್ಯಾಯ. ತೆಗೆದು ಓದಿ. ಅಲ್ಲಿ ಬಳ್ಳೊಳ್ಳಿಯ ಹೆಸರಿಲ್ಲ. ಉಳ್ಳಾಗಡ್ಡಿಯ ಹೆಸರೂ ಇಲ್ಲ. ತಾಮಸ ಅಂತ ಅಲ್ಲಿ ಹೇಳಿರುವುದು ಹೊತ್ತು ಮೀರಿದ್ದು, ರಸ ಹೋದದ್ದು, ನಾತ ಹೊಡೆಯುವುದು, ತಂಗಳು, ಎಂಜಲು, ಅಶುದ್ಧವಾದದ್ದು. ಈ ಪಟ್ಟಿಯನ್ನು ಎರಡು ಸಲ ಓದಿ ನೋಡಿ. ತಂಗಳು ಯಾರು ತಿಂದರು? ಎಂಜಲು ಯಾರು ತಿಂದರು? ಹೊತ್ತು ಮುಳುಗಿದ ಮೇಲೆ ಬುಟ್ಟಿ ಹಿಡಿದು ಮನೆಮನೆಗೆ ನಿಂತು ರೊಟ್ಟಿ ಕೇಳಿ ತಂದವರು ಯಾರು? ನಮ್ಮಜ್ಜಿ ತಂದಳು. ತಂಗಳನ್ನು ಕೊಟ್ಟವರು ನೀವು, ತಂಗಳು ತಿನ್ನುವವನ ಬುದ್ಧಿ ಮಂದ ಅಂತ ಪುಸ್ತಕದಲ್ಲಿ ಬರೆದುಕೊಂಡವರೂ ನೀವು. ಆ ತಂಗಳು ರೊಟ್ಟಿ ಗಂಟಲಲ್ಲಿ ಇಳಿಯಲಿ ಅಂತ ನಮ್ಮಜ್ಜಿ ಅದರ ಮೇಲೆ ಸವರಿದ್ದು ಬಳ್ಳೊಳ್ಳಿ ಖಾರ.

ಬಳ್ಳೊಳ್ಳಿಯನ್ನು ಹೆಸರು ಹಿಡಿದು ನಿಷೇಧಿಸಿದ್ದು ಮನುಸ್ಮೃತಿ. 5ನೇ ಅಧ್ಯಾಯ, 5ನೇ ಶ್ಲೋಕ. ಬಳ್ಳೊಳ್ಳಿ, ಉಳ್ಳಾಗಡ್ಡಿ, ಅಣಬೆ ಇವೆಲ್ಲ ದ್ವಿಜರು ತಿನ್ನಬಾರದ್ದು. ಅದೇ ಅಧ್ಯಾಯದ 19ನೇ ಶ್ಲೋಕ ಇನ್ನೂ ಮುಂದೆ ಹೋಗಿ, ಗೊತ್ತಿದ್ದೂ ಇವನ್ನು ತಿಂದ ದ್ವಿಜ ಪತಿತನಾಗುತ್ತಾನೆ ಅನ್ನುತ್ತದೆ. ಊರಹಂದಿ, ಊರಕೋಳಿ, ಬಳ್ಳೊಳ್ಳಿ ಅಲ್ಲಿ ಒಂದೇ ಸಾಲಿನಲ್ಲಿ ಕೂತಿವೆ. ಒಂದು ಗಡ್ಡೆ ತಿಂದರೆ ಜಾತಿಯೇ ಬಿದ್ದುಹೋಗುತ್ತದೆ ಅಂದರೆ ಆ ಜಾತಿಯ ಬುಡ ಎಷ್ಟು ಸಡಿಲ ಇರಬೇಕು ಅಂತ ನನಗೆ ಯಾವಾಗಲೂ ಆಶ್ಚರ್ಯ. ಅದೇ ಪುಸ್ತಕದ 10ನೇ ಅಧ್ಯಾಯದಲ್ಲಿ ಚಂಡಾಲರು ಊರ ಹೊರಗೆ ಇರಬೇಕು, ಅವರಿಗೆ ಅನ್ನ ಕೊಡುವುದಾದರೆ ಒಡೆದ ಪಾತ್ರೆಯಲ್ಲಿ ಕೊಡಬೇಕು ಅಂತ ಐತಿ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟಿದ್ದು ಇದೇ ಪುಸ್ತಕವನ್ನು.

ಇದು ಬರೀ ಪುಸ್ತಕದ ಮಾತೇ, ನೆಲದ ಮೇಲೆ ಹಾಗಿತ್ತೇ? ಹೊರಗಿನಿಂದ ಬಂದ ಇಬ್ಬರು ಸಾಕ್ಷಿ ಹೇಳಿದ್ದಾರೆ.

ಮೊದಲನೆಯವನು ಚೀನಾದ ಬೌದ್ಧ ಭಿಕ್ಷು ಫಾಹಿಯಾನ್. 399ರಲ್ಲಿ ತನ್ನ ಊರಿನಿಂದ ಹೊರಟ. ಗಂಗೆಯ ಬಯಲಿನ ಮಧ್ಯದೇಶದ ಬಗ್ಗೆ ಬರೆಯುವಾಗ, ಅಲ್ಲಿಯ ಜನ ಪ್ರಾಣಿ ಕೊಲ್ಲುವುದಿಲ್ಲ, ಹೆಂಡ ಕುಡಿಯುವುದಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ತಿನ್ನುವುದಿಲ್ಲ, ಚಂಡಾಲರು ಮಾತ್ರ ಇದಕ್ಕೆ ಹೊರತು ಅಂದಿದ್ದಾನೆ. ಅವರು ಊರಾಚೆ ಇರುತ್ತಾರೆ, ಪೇಟೆಯೊಳಗೆ ಬರುವಾಗ ಕೋಲು ಬಡಿದು ಸದ್ದು ಮಾಡುತ್ತಾರೆ, ಆ ಸದ್ದು ಕೇಳಿ ಉಳಿದವರು ಸರಿದು ನಿಲ್ಲುತ್ತಾರೆ ಅಂತ ಬರೆದ. ಓದುವಾಗ ನನಗೆ ಆ ಕೋಲಿನ ಸದ್ದು ಮತ್ತು ನಮ್ಮವ್ವನ ಕಲಬತ್ತದ ಸದ್ದು ಒಟ್ಟಿಗೆ ಕೇಳಿದವು. ಒಂದು, ಸರಿದು ನಿಲ್ಲಿ ಅನ್ನುವ ಸದ್ದು. ಇನ್ನೊಂದು, ಊಟಕ್ಕೆ ಬರ್ರಿ ಅನ್ನುವ ಸದ್ದು.

ಎರಡನೆಯವನು ಹ್ಯುಯೆನ್ ತ್ಸಾಂಗ್. ಅವನು ನಮ್ಮ ಕಡೆಗೇ ಬಂದಿದ್ದ. ಸುಮಾರು 641ರ ಹೊತ್ತಿಗೆ ಇಮ್ಮಡಿ ಪುಲಕೇಶಿಯ ರಾಜ್ಯ ಕಂಡು, ಇಲ್ಲಿಯ ಜನ ಉಪಕಾರ ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದೂ ಇಲ್ಲ ಅಂತ ಬರೆದ. ಬಾದಾಮಿ ಚಾಲುಕ್ಯರ ಬಗ್ಗೆ ಭಾಷಣ ಮಾಡುವವರೆಲ್ಲ ಈ ಸಾಲನ್ನು ಎದೆಯುಬ್ಬಿಸಿ ಹೇಳುತ್ತಾರೆ. ಅದೇ ಯಾತ್ರಿಕ ಭಾರತದ ಊಟದ ಬಗ್ಗೆ ಬರೆದ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನುವವರು ಕಡಿಮೆ, ತಿಂದವರನ್ನು ಊರಗೋಡೆಯ ಆಚೆ ಕಳಿಸುತ್ತಾರೆ. ಕಟುಕರು, ಮೀನುಗಾರರು, ಕಸ ಬಳಿಯುವವರ ಮನೆಗಳೂ ಊರ ಹೊರಗೇ ಅಂತಲೂ ಅವನೇ ಬರೆದಿದ್ದಾನೆ.

ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಹೇಗೆ ಅನ್ನುವ ಪುಸ್ತಕ ಬರೆದಾಗ ಈ ಇಬ್ಬರು ಚೀನಿಯರ ಮಾತನ್ನೂ ಮುಂದಿಟ್ಟುಕೊಂಡು ತೂಗಿದರು. ಫಾಹಿಯಾನ್ ಬರೆದ ಅಂತ ಹಾಗೇ ನುಂಗಲಿಲ್ಲ. ಚಂಡಾಲರ ಬಗ್ಗೆ ಬ್ರಾಹ್ಮಣರಿಗೆ ಮೊದಲಿನಿಂದಲೂ ಇದ್ದ ಹೇಸಿಗೆ ಬೇರೆ, ಇಡೀ ಸಮುದಾಯಗಳು ಅಸ್ಪೃಶ್ಯ ಆದದ್ದು ಬೇರೆ ಅಂತ ಬಿಡಿಸಿ ನೋಡಿ, ಅಸ್ಪೃಶ್ಯತೆ ಹುಟ್ಟಿದ ಕಾಲ ಸುಮಾರು ಕ್ರಿ.ಶ. 400 ಅಂತ ಇಟ್ಟರು. ಗೋಮಾಂಸವೇ ಅದರ ಬೇರು ಅನ್ನುವುದು ಅವರ ವಾದ. ನಾನು ಅದಕ್ಕೆ ಬಳ್ಳೊಳ್ಳಿ ಸೇರಿಸಿ ಹೊಸ ಸಿದ್ಧಾಂತ ಮಾಡಲು ಹೊರಟಿಲ್ಲ. ನಾನು ಹೇಳುವುದು ಇಷ್ಟೇ. ಮನುಷ್ಯನನ್ನು ಊರಾಚೆ ಹಾಕಬೇಕು ಅಂತ ತೀರ್ಮಾನ ಆದ ಮೇಲೆ ಅವನ ತಾಟಿನಲ್ಲಿ ಕಾರಣ ಹುಡುಕುತ್ತಾರೆ.

ಹಾಗಂತ ಬಳ್ಳೊಳ್ಳಿಯ ಗುಣ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

1890ರಲ್ಲಿ ಬೋವರ್ ಅನ್ನುವ ಬ್ರಿಟಿಷ್ ಸೈನ್ಯಾಧಿಕಾರಿಗೆ ಮಧ್ಯ ಏಷ್ಯಾದ ಕುಚಾ ಅನ್ನುವ ಊರಲ್ಲಿ ಭೂರ್ಜಪತ್ರದ ಒಂದು ಹಸ್ತಪ್ರತಿ ಸಿಕ್ಕಿತು. ಹಾಳುಬಿದ್ದ ಬೌದ್ಧ ನೆಲೆಯೊಂದರಲ್ಲಿ ದೊರೆತದ್ದು. ಭಾಷೆ ಸಂಸ್ಕೃತ. ಕಾಲ ಸುಮಾರು 4ರಿಂದ 6ನೇ ಶತಮಾನ. ಈಗ ಆಕ್ಸ್‌ಫರ್ಡ್‌ನಲ್ಲಿದೆ. ಆ ವೈದ್ಯಗ್ರಂಥ ಶುರುವಾಗುವುದೇ ಬಳ್ಳೊಳ್ಳಿಯ ಹೊಗಳಿಕೆಯಿಂದ. ಕೆಮ್ಮು, ವಾಯು, ಹಸಿವಿಲ್ಲದಿರುವುದು, ಚರ್ಮರೋಗ, ಎಲ್ಲಕ್ಕೂ ಬಳ್ಳೊಳ್ಳಿ. ಚಳಿಗಾಲದಲ್ಲಿ ಮನೆಗೆ ಬಳ್ಳೊಳ್ಳಿ ಮಾಲೆ ಕಟ್ಟಿ ಹಬ್ಬ ಮಾಡುವ ಮಾತೂ ಅಲ್ಲಿ ಐತಿ. ಆದರೆ ಹುಟ್ಟಿನ ಕಥೆ ಕೇಳಿ. ಅಮೃತ ಕದ್ದು ಕುಡಿದ ಅಸುರನ ಕತ್ತನ್ನು ವಿಷ್ಣು ಕತ್ತರಿಸಿದ, ನೆಲಕ್ಕೆ ಬಿದ್ದ ಹನಿಗಳಿಂದ ಬಳ್ಳೊಳ್ಳಿ ಹುಟ್ಟಿತು, ಅದಕ್ಕೇ ಬ್ರಾಹ್ಮಣರು ತಿನ್ನುವುದಿಲ್ಲ. ಮೈಯಲ್ಲಿ ಅಮೃತ, ಹುಟ್ಟಿನಲ್ಲಿ ಮೈಲಿಗೆ. ಈ ಕಥೆ ಬಳ್ಳೊಳ್ಳಿಯದೋ ನಮ್ಮದೋ ಅಂತ ಅನುಮಾನ ಬರುತ್ತದೆ. ನಮ್ಮ ದುಡಿಮೆ ಬೇಕು, ನಾವು ಬೇಡ.

ಇನ್ನೂ ಚಂದದ ಮಾತು ಮುಂದೆ ಐತಿ. ಬ್ರಾಹ್ಮಣನಿಗೆ ಕಾಯಿಲೆ ಬಂದರೆ? ಅದಕ್ಕೂ ದಾರಿ ಹೇಳಿದ್ದಾರೆ. ಆಕಳನ್ನು ಮೂರು ರಾತ್ರಿ ಹೆಚ್ಚುಕಡಿಮೆ ಉಪವಾಸ ಕೆಡವಿ, ಆಮೇಲೆ ಎರಡು ಪಾಲು ಹುಲ್ಲಿಗೆ ಒಂದು ಪಾಲು ಬಳ್ಳೊಳ್ಳಿ ದಂಟು ಬೆರೆಸಿ ತಿನ್ನಿಸಬೇಕು. ಅದರ ಹಾಲು, ಮೊಸರು, ತುಪ್ಪ ಬ್ರಾಹ್ಮಣ ಸೇವಿಸಬಹುದು. ರೋಗವೂ ಹೋಯಿತು, ಆಚಾರವೂ ಉಳಿಯಿತು! ಬಳ್ಳೊಳ್ಳಿ ತಿಂದ ಆಕಳು ಪವಿತ್ರ, ಬಳ್ಳೊಳ್ಳಿ ತಿಂದ ನಮ್ಮಜ್ಜಿ ಊರಾಚೆ. ನಾನು ಈ ಪೋಸ್ಟನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ನಿಲ್ಲಿಸಿದರೆ ಅರ್ಧ ಸತ್ಯ ಆಗುತ್ತದೆ. ನಾವು ಬುದ್ಧನ ದಾರಿಯವರು, ನಮ್ಮ ಮನೆಯ ಪುಸ್ತಕವನ್ನೂ ತೆರೆದು ನೋಡಬೇಕು. ಬೌದ್ಧ ವಿನಯದಲ್ಲೂ ಭಿಕ್ಖುಣಿಯರು ಬಳ್ಳೊಳ್ಳಿ ತಿನ್ನಬಾರದು ಅನ್ನುವ ನಿಯಮ ಐತಿ. ಕಾರಣದ ಕಥೆ ಬೇರೆ ನಮೂನಿ. ಒಬ್ಬ ಉಪಾಸಕ ಭಿಕ್ಖುಣಿಯರಿಗೆ ತಲಾ ಎರಡು ಮೂರು ಗಡ್ಡೆ ಕೊಡಲು ಒಪ್ಪಿದ್ದ. ಥುಲ್ಲನಂದಾ ಅನ್ನುವ ಭಿಕ್ಖುಣಿ ಸಂಗಡಿಗರ ಜೊತೆ ಅವನ ಹೊಲಕ್ಕೇ ಹೋಗಿ ಮಿತಿಯಿಲ್ಲದೆ ಕಿತ್ತು ತಂದಳು. ಹೊಲ ಕಾಯುವವನು ಗೊಣಗಿದ. ಆಗ ನಿಯಮ ಬಂತು. ಭಿಕ್ಷುಗಳಿಗೂ ಬೇಡ ಅಂದದ್ದು ಧಮ್ಮ ಕೇಳಲು ಕೂತಾಗ ಬಾಯಿವಾಸನೆ ಬೇರೆಯವರಿಗೆ ತೊಂದರೆ ಕೊಡುತ್ತದೆ ಅಂತ. ಸಾರಿಪುತ್ತನಿಗೆ ಹೊಟ್ಟೆಯಲ್ಲಿ ವಾಯು ಆದಾಗ ಔಷಧಿಯಾಗಿ ತಿನ್ನಲು ಒಪ್ಪಿಗೆ ಸಿಕ್ಕಿತು. ಇಲ್ಲಿ ರೈತನ ಬೆಳೆ ಐತಿ, ಪಕ್ಕದವನ ಮೂಗು ಐತಿ, ಹುಟ್ಟಿನ ಮೈಲಿಗೆ ಇಲ್ಲ. ತಿಂದವನು ಪತಿತ ಆಗಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ನಿಯಮ ಇತ್ತು ಅನ್ನುವುದನ್ನು ಮುಚ್ಚಿಡಬಾರದು.

ಈಗ ನಮ್ಮ ನೆಲಕ್ಕೆ ಬರೋಣ. ಹುನಗುಂದ ಅಂದರೆ ಕೂಡಲಸಂಗಮ. ಮಲಪ್ರಭೆ ಕೃಷ್ಣೆಗೆ ಸೇರುವ ಜಾಗ. ಬಸವಣ್ಣ ಓದಿದ, ಕೊನೆಗೆ ಮರಳಿ ಬಂದ ಜಾಗ.

ಬಸವಪುರಾಣದ ಪರಂಪರೆಯಲ್ಲಿ ಕಿನ್ನರಿ ಬ್ರಹ್ಮಯ್ಯನ ಕಥೆ ಬರುತ್ತದೆ. ಕಿನ್ನರಿ ನುಡಿಸುವ ಶರಣ. ಕಲ್ಯಾಣದಲ್ಲಿ ಅವನು ಉಳ್ಳಿಗಡ್ಡೆಯ ಅಡುಗೆಗೆ ಅಣಿ ಮಾಡುತ್ತಿದ್ದಾಗ ಬಸವಣ್ಣ ಅದರ ವಾಸನೆಯನ್ನು ಹೀಗಳೆದ. ಹುಟ್ಟಿದ ಮನೆಯ ಮೂಗು, ಅಷ್ಟು ಬೇಗ ಬಿಡುತ್ತದೆಯೇ? ಕಿನ್ನರಯ್ಯ ನೊಂದುಕೊಂಡ. ಶಿವನಿಗೆ ಅರ್ಪಿಸುವ ಪದಾರ್ಥವನ್ನು ಹಳಿದವನ ಊರಲ್ಲಿ ಇರುವುದಿಲ್ಲ ಅಂತ ಕಲ್ಯಾಣ ಬಿಟ್ಟು ಹೊರಟೇಬಿಟ್ಟ. ಬಸವಣ್ಣನಿಗೆ ತಪ್ಪು ತಿಳಿಯಿತು. ಬರೀ ಕ್ಷಮೆ ಕೇಳಿ ಸುಮ್ಮನಾಗಲಿಲ್ಲ. ಉಳ್ಳಿಯ ಹಬ್ಬವನ್ನೇ ಮಾಡಿ, ಅದನ್ನು ಮೆರೆಸಿ, ಕಿನ್ನರಯ್ಯನನ್ನು ವಾಪಸ್ ಕರೆತಂದ. ಉಳ್ಳಿ ಅಂದರೆ ಉಳ್ಳಾಗಡ್ಡಿ. ಅದರ ತಂಗಿಯೇ ಬೆಳ್ + ಉಳ್ಳಿ, ಬೆಳ್ಳುಳ್ಳಿ, ಬಿಳಿಯ ಉಳ್ಳಿ. ಮನುಸ್ಮೃತಿ ಯಾವ ಗಡ್ಡೆಯಿಂದ ಮನುಷ್ಯ ಪತಿತ ಆಗುತ್ತಾನೆ ಅಂದಿತ್ತೋ, ಅದೇ ಗಡ್ಡೆಗೆ ಕಲ್ಯಾಣದಲ್ಲಿ ಹಬ್ಬ ಆಯಿತು.

ಕಿನ್ನರಯ್ಯ ನಮ್ಮ ಕೇರಿಯವನಲ್ಲ. ಆದರೆ ಈ ಕಥೆಯಲ್ಲಿ ನನಗೆ ಬೇಕಾದದ್ದು ಒಂದು ಐತಿ. ದೊಡ್ಡವರು ಮೂಗು ಮುರಿದಾಗ ಚಿಕ್ಕವನು "ಹೋಗಲಿ ಬಿಡು" ಅನ್ನಲಿಲ್ಲ, ಎದ್ದು ನಡೆದ. ಆಗ ದೊಡ್ಡವರು ಬದಲಾದರು. ಎದ್ದು ನಡೆಯದಿದ್ದರೆ ಬದಲಾಗುತ್ತಿರಲಿಲ್ಲ. ಅದೇ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರಿಗೆ ಹಿರಿಯರ ಜಾಗ ಸಿಕ್ಕಿತು. ಆದರೆ ಸಮಗಾರ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆದಾಗ ಏನಾಯಿತು ಅಂತ ನಿಮಗೆಲ್ಲ ಗೊತ್ತು. ತಾಟಿನ ತನಕ ಬಂದ ಸಮಾನತೆಯನ್ನು ಮನೆಯೊಳಗೆ ಬಿಡಲಿಲ್ಲ.

ನಮ್ಮ ಜಿಲ್ಲೆಯ ಇವತ್ತಿನ ಸ್ಥಿತಿಯೂ ಅಲ್ಲೇ ನಿಂತಿದೆ. ಇದನ್ನು ನಾನು ನಿಧಾನಕ್ಕೆ ಹೇಳಬೇಕು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಎಲ್ಲಿ ಬೇಕಾದರೂ ಹೋಗಿ. ಬಳ್ಳೊಳ್ಳಿ ಇಲ್ಲಿ ಬರೀ ನಮ್ಮದಲ್ಲ. ಮಾಂಸ ಮುಟ್ಟದ ಲಿಂಗಾಯತರ ಮನೆಯಲ್ಲೂ ಶೇಂಗಾ ಹಿಂಡಿಗೆ, ಅಗಸಿ ಹಿಂಡಿಗೆ, ಪುಂಡಿಪಲ್ಯಕ್ಕೆ ಮುಷ್ಟಿಗಟ್ಟಲೆ ಬಳ್ಳೊಳ್ಳಿ ಬೀಳುತ್ತದೆ. ಕುರುಬರು, ನೇಕಾರರು, ಮುಸ್ಲಿಮರು, ನಾವು, ಎಲ್ಲರ ಕಲಬತ್ತದಲ್ಲೂ ಅದೇ ಎಸಳು. ಬನಶಂಕರಿಗೆ ಹೋದವರಿಗೆ ಗೊತ್ತು, ಗುಡಿಯ ಮುಂದೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಖಾರ, ಪಲ್ಯ, ಮೊಸರು ಇಟ್ಟುಕೊಂಡು ಕೂಗಿ ಕರೆದು ಉಣ್ಣಿಸುತ್ತಾರೆ. ಅಂಥ ರುಚಿ ಯಾವ ಹೋಟೆಲಿನಲ್ಲೂ ಇಲ್ಲ. ಒಂದೇ ಪ್ರಶ್ನೆ. ಅದೇ ಜಾಗದಲ್ಲಿ, ಅದೇ ಬಳ್ಳೊಳ್ಳಿ ಖಾರದ ಬುಟ್ಟಿ ಇಟ್ಟುಕೊಂಡು, ಕೇಳಿದವರಿಗೆ ತನ್ನ ಓಣಿಯ ಹೆಸರು ಹೇಳಿಕೊಂಡು ನಮ್ಮವ್ವ ಕೂತರೆ ಎಷ್ಟು ಜನ ಕೊಂಡು ತಿನ್ನುತ್ತಾರೆ? ನಮ್ಮ ಊರುಗಳಲ್ಲಿ ಲಿಂಗಾಯತ ಖಾನಾವಳಿ ಅಂತ ಬೋರ್ಡು ಬೇಕಾದಷ್ಟು ಇವೆ. ಮಾದರ ಖಾನಾವಳಿ ಅಂತ ಬೋರ್ಡು ಯಾರಾದರೂ ನೋಡೀರೇನು?

ಅಂದರೆ ವಾಸನೆ ಬಳ್ಳೊಳ್ಳಿಯದಲ್ಲ. ಅದೇ ಎಸಳು, ಅದೇ ಖಾರ, ಅದೇ ಜೋಳ. ಕಲಬತ್ತ ಹಿಡಿದ ಕೈ ಯಾವುದು ಅನ್ನುವುದೇ ವಾಸನೆ. ಗಂಗೆಯ ಬಯಲಿನಲ್ಲಿ ಬಳ್ಳೊಳ್ಳಿ ತಿಂದದ್ದಕ್ಕೆ ಊರಾಚೆ ಹಾಕಿದರು ಅಂತ ಬರೆದರು. ಇಲ್ಲಿ ಇಡೀ ಊರೇ ಬಳ್ಳೊಳ್ಳಿ ತಿಂದರೂ ನಮ್ಮ ಕೇರಿ ಊರಾಚೆಯೇ ಉಳಿಯಿತು. ಆಹಾರ ಕಾರಣ ಆಗಿದ್ದರೆ ಆಹಾರ ಒಂದಾದ ಮೇಲೆ ಜಾತಿ ಹೋಗಬೇಕಿತ್ತು. ಹೋಗಲಿಲ್ಲ. ಆದ್ದರಿಂದ, "ನೀವು ದನ ಬಿಡ್ರಿ, ಬಳ್ಳೊಳ್ಳಿ ಬಿಡ್ರಿ, ಎಲ್ಲ ಸರಿ ಆಗ್ತದ" ಅನ್ನುವವರ ಮಾತು ನಂಬಬೇಡಿ. ಅದನ್ನೆಲ್ಲ ಬಿಟ್ಟವರೂ ಹೊರಗೇ ಉಳಿದಿದ್ದಾರೆ.

ಇದರ ಇನ್ನೊಂದು ಮಗ್ಗುಲು ತುಪ್ಪ. ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಬಗ್ಗೆ ಬರೆದ ಪುಸ್ತಕದಲ್ಲಿ ಜಯಪುರ ಸಂಸ್ಥಾನದ ಚಕವಾರಾ ಅನ್ನುವ ಹಳ್ಳಿಯ ಘಟನೆ ಐತಿ. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನ ಜನರಿಗೆ ಊಟ ಹಾಕಿದ. ಅಡುಗೆಗೆ ತುಪ್ಪ ಬಳಸಿದ. ಉಣ್ಣುತ್ತಿರುವಾಗಲೇ ನೂರಾರು ಸವರ್ಣೀಯರು ಲಾಠಿ ಹಿಡಿದು ಬಂದು ಅನ್ನ ಮಣ್ಣುಪಾಲು ಮಾಡಿ, ಉಣ್ಣುತ್ತಿದ್ದವರನ್ನು ಹೊಡೆದರು. ಅವರ ದುಡ್ಡಿನಲ್ಲೇ ಕೊಂಡ ತುಪ್ಪ. ತಪ್ಪು ಅಂದರೆ ತುಪ್ಪ ಮೇಲಿನವರ ಗುರುತು.

ಹಾಗಾಗಿ ಲೆಕ್ಕ ಸರಳ. ಅವರು ತಮಗೆ ಬೇಡ ಅಂತ ಬಿಟ್ಟದ್ದು ಬಳ್ಳೊಳ್ಳಿ. ನಮಗೆ ಬೇಡ ಅಂತ ಕಸಿದದ್ದು ತುಪ್ಪ. ತುಪ್ಪ ಇಲ್ಲದ ಅಡುಗೆಗೆ ರುಚಿ ಎಲ್ಲಿಂದ ತರಬೇಕು? ಎಣ್ಣೆ ಕೂಡ ಸೋಮವಾರ ಸಂತೆಯ ದಿನ ಒಂದು ಬಾಟಲಿ. ಆಗ ನಮ್ಮ ಹೆಂಗಸರು ಕಂಡುಕೊಂಡ ದಾರಿ ಬಳ್ಳೊಳ್ಳಿ. ಒಂದು ಗಡ್ಡೆ ಇದ್ದರೆ ನೀರಿನಂಥ ಕಟ್ಟಿನ ಸಾರಿಗೂ ಜೀವ ಬರುತ್ತದೆ. ಒಣಖಂಡದ ಸಾರಿಗೆ, ಬೋಟಿಗೆ ಬಳ್ಳೊಳ್ಳಿ ಇಲ್ಲದೆ ನಡೆಯುವುದೇ ಇಲ್ಲ. ಇಳಕಲ್ಲಿನ ನಮ್ಮ ಚಿಗವ್ವ ಮಗ್ಗದ ಮನೆಗೆ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ಬುತ್ತಿ ಅಂದರೆ ಎರಡು ರೊಟ್ಟಿ, ಗುರೆಳ್ಳ ಹಿಂಡಿ. ಗುರೆಳ್ಳು ಹುರಿದು, ಎಂಟ್ಹತ್ತು ಎಸಳು ಬಳ್ಳೊಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿದ್ದು. ಹದಿನೈದು ದಿನ ಕೆಡುವುದಿಲ್ಲ. ರೇಷ್ಮೆ ಸೆರಗಿನ ಸೀರೆಗೆ ನೂಲು ಸುತ್ತಿದ ಕೈ ಅದನ್ನೇ ತಿಂದು ನಲವತ್ತು ವರ್ಷ ದುಡಿಯಿತು. ನಾವಷ್ಟೇ ಅಲ್ಲ, ಈಜಿಪ್ಟಿನ ಪಿರಮಿಡ್ ಕಟ್ಟಿದ ಕೂಲಿಗಳ ಮೂಲಂಗಿ, ಉಳ್ಳಾಗಡ್ಡಿ, ಬಳ್ಳೊಳ್ಳಿಗೆ 1600 ಟ್ಯಾಲೆಂಟ್ ಬೆಳ್ಳಿ ಖರ್ಚಾಯಿತು ಅಂತ ಅಲ್ಲಿ ಕೆತ್ತಿದ್ದಾರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕಲ್ಲು ಹೊರುವವರ ಊಟ ಎಲ್ಲ ಕಡೆಗೂ ಒಂದೇ.

'ನಮ್ಮ ಶುದ್ಧ ಪ್ರಾಚೀನ ಆಹಾರ' ಅನ್ನುವವರಿಗೂ ಒಂದು ಮಾತು. 578ರಲ್ಲಿ ಬಾದಾಮಿಯ ಮೂರನೇ ಗುಹೆ ಕೊರೆದು ಮುಗಿದಾಗ ಈ ಊರಿನಲ್ಲಿ ಮೆಣಸಿನಕಾಯಿ ಇರಲಿಲ್ಲ, ಶೇಂಗಾ ಇರಲಿಲ್ಲ, ಟೊಮೆಟೊ, ಆಲೂಗಡ್ಡೆ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ಬಂದವು. ಜೋಳ ಆಫ್ರಿಕಾದ್ದು, ಸಾವಿರಾರು ವರ್ಷ ಹಿಂದೆ ಬಂದದ್ದು. ಬಳ್ಳೊಳ್ಳಿ ಮಧ್ಯ ಏಷ್ಯಾದ್ದು. ಒಂದು ರೊಟ್ಟಿ ಖಾರದಲ್ಲಿ ಮೂರು ಖಂಡ ಕೂಡಿ ಕೂತಿವೆ. ಆ ಗುಹೆಯ ಕಲ್ಲು ಕಡಿದವರು ಖಾರಪುಡಿ ಕಂಡಿರಲಿಲ್ಲ. ನಮ್ಮ ತಾಟಿನಲ್ಲಿ ಮೆಣಸಿನಕಾಯಿಗಿಂತ ಬಳ್ಳೊಳ್ಳಿ ಹಿರಿಯಳು.

ಈಗ ಅವ್ವನ ಮಾತು. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ.

2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ ಆದೇಶ ಮಾಡಿತು. ಅದಾದ ಕೆಲವು ವರ್ಷಕ್ಕೆ ಅವ್ವ ಒಂದು ಶಾಲೆಯಲ್ಲಿ ಅಡುಗೆ ಸಹಾಯಕಿ ಆದಳು. ಯಾವ ಶಾಲೆ ಅಂತ ಬರೆಯೋದಿಲ್ಲ. ಮೊದಲ ವಾರ ಅವಳಿಗೆ ಕೊಟ್ಟ ಕೆಲಸ ಪಾತ್ರೆ ತೊಳೆಯುವುದು, ಕಟ್ಟಿಗೆ ಹೊಂದಿಸುವುದು. ಒಲೆ ಮುಂದೆ ಬಿಡಲಿಲ್ಲ. ಎರಡನೇ ತಿಂಗಳು ಮುಖ್ಯ ಅಡುಗೆಯವಳು ಹೆರಿಗೆಗೆ ಹೋದಳು, ಅವ್ವ ಸೌಟು ಹಿಡಿದಳು. ಅವತ್ತು ಮೂವತ್ತಕ್ಕೂ ಹೆಚ್ಚು ಮಕ್ಕಳು ತಾಟು ಹಿಡಿಯದೆ ಎದ್ದು ಹೋದವು. "ನಮ್ಮವ್ವ ಬ್ಯಾಡ ಅಂದಾಳ" ಅಂದವು. ಅವ್ವ ಮನೆಗೆ ಬಂದು ಊಟ ಮಾಡಲಿಲ್ಲ. "ಹುಡುಗ್ರ ಹಸಗೊಂಡು ಹ್ವಾದೂವ" ಅಂತ ಮಾತ್ರ ಅಂದಳು. ತನಗಾದ ಅವಮಾನ ಅವಳ ಬಾಯಲ್ಲಿ ಬರಲಿಲ್ಲ.

ಮರುದಿನ ಅವಳು ಮನೆಯಿಂದ ಒಂದು ಹಿಡಿ ಬಳ್ಳೊಳ್ಳಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಸರ್ಕಾರಿ ಬೇಳೆಸಾರಿಗೆ ಬಳ್ಳೊಳ್ಳಿ ಜಜ್ಜಿ, ಕೆಂಪಗೆ ಮಾಡಿ ಒಗ್ಗರಣೆ ಕೊಟ್ಟಳು. ಘಮ ಎಲ್ಲ ಕೋಣೆಗೆ ಹೋಯಿತು. ಇದು ಸಿನಿಮಾ ಆಗಿದ್ದರೆ ಎಲ್ಲ ಮಕ್ಕಳೂ ಓಡಿ ಬಂದು ಉಣ್ಣುತ್ತಿದ್ದವು. ಹಾಗೆ ಆಗಲಿಲ್ಲ. ಆ ವಾರ ನಾಲ್ಕು ಮಕ್ಕಳು ಬಂದವು. ವರ್ಷದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು. ಕೆಲವರು ಶಾಲೆ ಬಿಡುವ ತನಕ ಮನೆಯ ಡಬ್ಬಿಯನ್ನೇ ತಂದರು. ಅವ್ವ ಹನ್ನೊಂದು ವರ್ಷ ಅಡುಗೆ ಮಾಡಿದಳು. ಬಳ್ಳೊಳ್ಳಿ ಬಹಳ ದಿನ ಅವಳ ಸ್ವಂತ ದುಡ್ಡಿನದೇ.

ಆಮೇಲೆ 2018-19ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಚರ್ಚೆ ನಡೆಯಿತು, ನೆನಪಿರಬಹುದು. ಲಕ್ಷಗಟ್ಟಲೆ ಮಕ್ಕಳಿಗೆ ಬಿಸಿಯೂಟ ಕೊಡುವ ಸಂಸ್ಥೆ ಅಡುಗೆಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕುವುದಿಲ್ಲ, ಅದು ತಮ್ಮ ಪದ್ಧತಿ ಅನ್ನುವ ವಿಷಯ. ಪೌಷ್ಟಿಕಾಂಶ ಲೆಕ್ಕದ ಪ್ರಕಾರ ಸರಿಯಾಗಿದೆ ಅಂತ ಅವರ ಪರ ವಾದ ಬಂತು. ಇರಬಹುದು. ಬಳ್ಳೊಳ್ಳಿಯಲ್ಲಿ ಎಷ್ಟು ಪ್ರೋಟೀನ್ ಐತಿ ಅನ್ನುವುದು ನನ್ನ ಪ್ರಶ್ನೆ ಅಲ್ಲ. ಸರ್ಕಾರದ ಅಕ್ಕಿ, ಸರ್ಕಾರದ ದುಡ್ಡು, ಬಡವರ ಮಕ್ಕಳು. ಆ ಮಕ್ಕಳ ನಾಲಿಗೆಗೆ ಅವರ ಅವ್ವನ ಅಡುಗೆ ಅಶುದ್ಧ ಅಂತ ದಿನಾ ಮಧ್ಯಾಹ್ನ ಬಾಯಿ ಬಿಡದೆ ಪಾಠ ಹೇಳುವ ಹಕ್ಕನ್ನು ಯಾರು ಯಾರಿಗೆ ಕೊಟ್ಟರು? ನನ್ನ ಪ್ರಶ್ನೆ ಅದು.

ಕೊನೆಗೆ ನಮ್ಮವರಿಗೇ ಎರಡು ಮಾತು. ಬೇಜಾರಾದರೂ ಕೇಳಿ.

ಹೊಲೆಯರ ಓಣಿಯ ಖಾರ ಮಾದಿಗರ ಓಣಿಗೆ ಹೋಗುತ್ತದೆಯೇ? ಸಮಗಾರರ ಮನೆಯ ರೊಟ್ಟಿ, ಡೋರರ ಮನೆಯ ರೊಟ್ಟಿ ನಾವು ಒಬ್ಬರಿಗೊಬ್ಬರು ಬಡಿಸಿಕೊಂಡಿದ್ದೇವೆಯೇ? ಏಪ್ರಿಲ್ 14ಕ್ಕೆ ಒಂದೇ ಮೆರವಣಿಗೆ, ಊಟಕ್ಕೆ ಬೇರೆ ಪಂಗ್ತಿ ಆದರೆ ಮನುವಿಗೆ ನಗು ಬರುತ್ತದೆ. ಇನ್ನೊಂದು, ಸಭೆಯಲ್ಲಿ ಆಹಾರದ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಮನೆಗೆ ಬಂದು "ಇನ್ನೂ ರೊಟ್ಟಿ ಆಗಿಲ್ಲೇನ" ಅನ್ನುವ ಗಂಡಸರು ನಾವು. ಕಲಬತ್ತ ಹೊತ್ತು ತಂದವಳು ಅವ್ವ, ಕುಟ್ಟುವವಳು ಅವ್ವ, ಕೊನೆಗೆ ಉಣ್ಣುವವಳೂ ಅವ್ವ. ನಾನು ಬಳ್ಳೊಳ್ಳಿ ಬಿಡಿಸಲು ಕಲಿತದ್ದು ಮೂವತ್ತು ದಾಟಿದ ಮೇಲೆ. ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಮರಾಠವಾಡದ ದಲಿತರ ಅಡುಗೆಯನ್ನು ಶಾಹು ಪಾಟೋಳೆ ಅವರು 2015ರಲ್ಲಿ ಮರಾಠಿಯಲ್ಲಿ ಪುಸ್ತಕ ಮಾಡಿದರು. ನಮ್ಮ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡಿಯ ಅಡುಗೆಯನ್ನು ನಾವೇ ಬರೆಯಬೇಕು. ನಾನು ಶುರು ಮಾಡುತ್ತೇನೆ. ಅವ್ವನ ಪುಂಡಿಪಲ್ಯ:

ಒಂದು ದೊಡ್ಡ ಸಿವುಡು ಪುಂಡಿಸೊಪ್ಪು ತೊಳೆದು ಕುದಿಸಿ, ಹುಳಿ ಜಾಸ್ತಿ ಇದ್ದರೆ ಒಂದು ನೀರು ಬಸಿಯಿರಿ. ಅದಕ್ಕೆ ಒಂದು ಮುಷ್ಟಿ ಜೋಳದ ನುಚ್ಚು, ಒಂದು ಮುಷ್ಟಿ ತೊಗರಿಬೇಳೆ, ನಾಲ್ಕು ಹಸಿಮೆಣಸಿನಕಾಯಿ, ಉಪ್ಪು ಹಾಕಿ ಮೆತ್ತಗಾಗುವ ತನಕ ಬೇಯಿಸಿ, ಸೌಟಿನಿಂದ ಮುದ್ದೆ ಮಾಡಿ. ಇನ್ನೊಂದು ಕಡೆ ಮೂರು ಚಮಚ ಎಣ್ಣೆ ಕಾಯಿಸಿ ಹದಿನೈದು ಎಸಳು ಬಳ್ಳೊಳ್ಳಿ ಜಜ್ಜಿ ಹಾಕಿ. ಹೊನ್ನಿನ ಬಣ್ಣ ಬರಬೇಕು, ಕರಿ ಆಗಬಾರದು, ಕರಿ ಆದರೆ ಕಹಿ. ಸಾಸಿವೆ, ಚೂರು ಅರಿಷಿಣ ಹಾಕಿ ಪಲ್ಯದ ಮೇಲೆ ಸುರಿಯಿರಿ. ಮರುದಿನಕ್ಕೆ ಇನ್ನೂ ರುಚಿ. ತಂಗಳು ಅಂತ ಹೆದರಬೇಡಿ.

2024ರಲ್ಲಿ ಬಳ್ಳೊಳ್ಳಿ ಕೆಜಿಗೆ 400 ರೂಪಾಯಿ ಮುಟ್ಟಿದಾಗ ಅವ್ವ ಎಸಳು ಎಣಿಸಿ ಹಾಕಿದಳು. "ಈಗ ಇದೂ ತುಪ್ಪ ಆತು ನೋಡಪ್ಪ" ಅಂದಳು. ಆದರೂ ನಿಲ್ಲಿಸಲಿಲ್ಲ.

ಆ ಹಿರಿಯರಿಗೆ ನನ್ನ ಉತ್ತರ ಇಷ್ಟೇರೀ. ಬಳ್ಳೊಳ್ಳಿ ಬಿಟ್ಟರೆ ಬುದ್ಧಿ ಸ್ವಚ್ಛ ಆಗ್ತದೋ ಇಲ್ಲೋ, ನಮ್ಮ ಮನೆಗೆ ಒಂದು ದಿನ ಊಟಕ್ಕೆ ಬರ್ರಿ. ಅವ್ವ ರೊಟ್ಟಿ ಬಡೀತಾಳ, ನಾನು ಖಾರ ಕುಟ್ಟತೀನಿ. ಕೂಡಿ ಉಂಡು ಆಮೇಲೆ ಬುದ್ಧಿ ಬಗ್ಗೆ ಮಾತಾಡೋಣ.

ಉಳಿದವರು ನಿಮ್ಮ ನಿಮ್ಮ ಅವ್ವ, ಅಜ್ಜಿಯರ ಬಳ್ಳೊಳ್ಳಿ ಅಡುಗೆ ಒಂದೊಂದು ಕೆಳಗೆ ಬರೀರಿ. ಊರಿನ ಹೆಸರು, ಓಣಿಯ ಹೆಸರು ಸಮೇತ ಬರೀರಿ. ಮುಚ್ಚಿಡೋದು ಏನೂ ಇಲ್ಲ.

ಜೈಭೀಮ್. ಶರಣು.